ಜೋಡಹಂಡಿ ಕೊಳ್ಳಕ್ಕೆ ನೀರು ಬಿಟ್ಟ ದಿನ

೧೯೯೬ರಲ್ಲಿ ನಾನು ಸವದತ್ತಿ ತಾಲೂಕಿನಲ್ಲಿ ನೀರಾವರಿ ಕೆಲಸದ ಜೂನಿಯರ್ ಇಂಜಿನಿಯರ್ ಆಗಿದ್ದೆ. ಹುಟ್ಟಿದ್ದು ಬೈಲಹೊಂಗಲ, ಸವದತ್ತಿಗೆ ಬರುವ ಮೊದಲ ನಾಲ್ಕು ವರ್ಷ ನೌಕರಿ ಮಾಡಿದ್ದು ಕಿತ್ತೂರಿನ ಕಡೆ. ವಯಸ್ಸು ಇಪ್ಪತ್ತೊಂಬತ್ತು. ಕೈಗಡಿಯಾರ ನೋಡದೆ ಊಟಕ್ಕೂ ಏಳದ ಮನುಷ್ಯ ನಾನು. ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ, ಅದರಲ್ಲಿ ಎಷ್ಟನ್ನು ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕುವುದರಲ್ಲಿ ನನಗೆ ಬಲು ಸಂತೋಷವಿತ್ತು. ಆ ಸಂತೋಷ ಒಬ್ಬ ಹೆಣ್ಣುಮಗಳ ಜೀವ ತೆಗೆದುಕೊಂಡಿತು. ಮೂವತ್ತು ವರ್ಷಗಳ ನೌಕರಿಯಲ್ಲಿ ಹೇಳಿಕೊಳ್ಳುವಂಥ ಕೆಲಸ ನಾಲ್ಕಾರು ಮಾಡಿದ್ದೇನೆ. ಆದರೆ ಬರೆಯಲು ಕುಳಿತರೆ ಕಣ್ಣ ಮುಂದೆ ಬರುವುದು ಇದೊಂದೇ. ಕೊಳ್ಳದ ಹೆಸರನ್ನೂ ಜನರ ಹೆಸರನ್ನೂ ಬದಲಿಸಿದ್ದೇನೆ, ಏಕೆಂದರೆ ಆ ಮನೆಯವರು ಇನ್ನೂ ಇದ್ದಾರೆ.

ಸವದತ್ತಿಗೂ ರಾಮದುರ್ಗಕ್ಕೂ ನಡುವಿನ ಗುಡ್ಡಸಾಲಿನಲ್ಲಿ ಒಂದು ಹಳ್ಳ ಕಲ್ಲನ್ನು ಸೀಳಿಕೊಂಡು ಸುಮಾರು ಒಂದು ಮೈಲು ಹರಿಯುತ್ತದೆ. ಎರಡೂ ಕಡೆ ಅರವತ್ತು ಅಡಿ ಎತ್ತರದ ಕೆಂಪುಕಲ್ಲಿನ ಗೋಡೆ. ನಡುವೆ ಕೆಲವು ಕಡೆ ಇಬ್ಬರು ಕೈ ಚಾಚಿ ನಿಂತರೆ ಎರಡೂ ಬದಿಯ ಕಲ್ಲು ಮುಟ್ಟಬಹುದು. ಇದೇ ಜೋಡಹಂಡಿ ಕೊಳ್ಳ. ಕೆಳಗಿನಿಂದ ಹತ್ತುತ್ತ ಹೋದರೆ ಒಂದರ ಮೇಲೊಂದು ಮೂರು ಜಲಪಾತ ಸಿಗುತ್ತವೆ. ನಮ್ಮ ಕಡೆ ಜಲಪಾತಕ್ಕೆ ದಬದಬಿ ಎನ್ನುತ್ತಾರೆ. ನಡುವಿನ ಮತ್ತು ಮೇಲಿನ ದಬದಬಿಗಳ ಮಧ್ಯೆ, ನೀರು ಕಾಯಿಸುವ ಹಂಡೆಯಂತೆ ದುಂಡಗೆ ಕೊರೆದ ಎರಡು ಆಳವಾದ ಮಡುಗಳಿವೆ. ಮೇಲಿನ ದಬದಬಿಯ ಪಕ್ಕದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಝರಿ. ಅಲ್ಲಿಂದ ಅರ್ಧ ಮೈಲು ಮೇಲಕ್ಕೆ, ಗುಡ್ಡದ ನೆತ್ತಿಯಲ್ಲಿ, ನನ್ನ ಉಸ್ತುವಾರಿಯ ಕೆರೆ ಇತ್ತು.

ಯುಗಾದಿಯಾದ ಮೇಲೆ ಒಂದು ತಿಂಗಳು, ಪ್ರತಿ ಸೋಮವಾರ, ಜನ ಈ ಕೊಳ್ಳ ಹತ್ತುತ್ತಿದ್ದರು. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಾದ್ದರಿಂದ ಮನೆಮಂದಿಗೆಲ್ಲ ಬಿಡುವು. ಚೈತ್ರದಲ್ಲಿ ಝರಿಯ ನೀರಷ್ಟೇ ಇರುತ್ತದೆ, ದಬದಬಿಗಳು ತೆಳ್ಳಗೆ ಸುರಿಯುತ್ತವೆ, ಕಲ್ಲಿನ ಸಂದಿಯಲ್ಲಿ ಅತ್ತಿ, ಹೊಂಗೆ ಚಿಗುರಿರುತ್ತವೆ. ಜನ ರೊಟ್ಟಿ, ಝುಣಕ, ಮೊಸರಿನ ಬುತ್ತಿ ಕಟ್ಟಿಕೊಂಡು ಮುಂಜಾನೆ ಹತ್ತುವುದು, ದಬದಬಿಯ ಕೆಳಗೆ ತಲೆಯೊಡ್ಡುವುದು, ಝರಿಯ ತಾಯಿಗೆ ಕಾಯಿ ಒಡೆದು ಉಂಡು, ಎರಡು ಗಂಟೆಯ ಹೊತ್ತಿಗೆ ಅದೇ ದಾರಿಯಲ್ಲಿ ಇಳಿಯುವುದು. ಕೊಳ್ಳದೊಳಗೆ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಕೊಳ್ಳದ ಬಾಯಿಯಲ್ಲಿ ಒಂದು ಹುಣಸೆಮರವಿತ್ತು. ಅದರ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ಪದ್ಧತಿ.

ಅದೇ ಸೋಮವಾರಗಳಂದು ಮಧ್ಯಾಹ್ನ, ಕಾಲುವೆಯ ಪಾಳಿಯಂತೆ, ನಾವು ಕೆರೆಯ ನೀರು ಬಿಡಬೇಕಿತ್ತು. ನೀರು ತೂಬಿನ ಗೇಟಿನಿಂದ ಹಳ್ಳಕ್ಕೆ ಬಿದ್ದು, ಕೊಳ್ಳದಲ್ಲೇ ಇಳಿದು, ಕೆಳಗೆ ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರದಲ್ಲಿ ನಿಂತು, ಅಲ್ಲಿಂದ ಕಾಲುವೆಗೆ ತಿರುಗುತ್ತಿತ್ತು. ಗೇಟು ಕಾಯುವ ಲಸ್ಕರ್ ಫಕೀರಪ್ಪ. ಐವತ್ತು ದಾಟಿದವನು, ಕೆರೆ ಕಟ್ಟಿದ ದಿನದಿಂದ ಆ ಗೇಟಿನ ಹ್ಯಾಂಡಲ್ ತಿರುಗಿಸಿದವನು. ಅವನದೊಂದು ರೀತಿ. ಎರಡು ಗಂಟೆಗೆ ಮೇಲಿನಿಂದ ಕೊಳ್ಳಕ್ಕೆ ಇಳಿಯುತ್ತಿದ್ದ. "ಒಳಗ ಯಾರದೀರಿ? ಓ ಅನ್ರಿ! ನೀರ ಬರತೈತಿ, ಹೊರಗ ಬರ್ರಿ!" ಎಂದು ಪ್ರತಿ ತಿರುವಿನಲ್ಲಿ ಕೂಗುತ್ತ, ಕಲ್ಲಿನ ಪೊಟರೆಗಳಲ್ಲಿ ಇಣುಕುತ್ತ ಬಾಯಿಯತನಕ ಬರುತ್ತಿದ್ದ. ಆಮೇಲೆ ದಂಡೆಯ ಹಾದಿ ಹಿಡಿದು ಗುಡ್ಡ ಹತ್ತಿ ಹೋಗಿ ಗೇಟು ತೆರೆಯುತ್ತಿದ್ದ. ಇಷ್ಟಕ್ಕೆ ಎರಡೂವರೆ ತಾಸು. ನೀರು ಕೊನೆಯ ಹೊಲ ಮುಟ್ಟುವಾಗ ಕತ್ತಲೆಯಾಗುತ್ತಿತ್ತು. ಕೊನೆಯ ಹೊಲದವರು ನನ್ನ ಆಫೀಸಿಗೆ ಬಂದು ತಕರಾರು ಮಾಡಿದರು.

ನಾನು ಒಂದು ಸಂಜೆ ಕುಳಿತು ಉಪಾಯ ಹುಡುಕಿದೆ. ಒಳಗೆ ಹೋದವರೆಲ್ಲ ಹುಣಸೆಮರದ ಕೆಳಗೆ ಚಪ್ಪಲಿ ಬಿಟ್ಟಿರುತ್ತಾರೆ. ಕೊನೆಯ ಜೊತೆ ಹೋಯಿತೆಂದರೆ ಕೊಳ್ಳ ಖಾಲಿಯಾಯಿತು. ಕೆಳಗೆ ಒಬ್ಬ ನಿಂತು ಚಪ್ಪಲಿ ನೋಡಿಕೊಂಡು, ಬಂಡೆಯ ಮೇಲೇರಿ ಬಿದಿರಿನ ಗಳಕ್ಕೆ ಕಟ್ಟಿದ ಬಿಳಿ ಧೋತರ ಬೀಸಿದರೆ ಸಾಕು, ಏರಿಯ ಮೇಲೆ ನಿಂತ ಫಕೀರಪ್ಪನಿಗೆ ಅದು ಕಾಣುತ್ತದೆ. ಒಮ್ಮೆ ಬೀಸಿದರೆ ಗೇಟು ಹದಿನೆಂಟು ಇಂಚು ಎತ್ತಬೇಕು. ಎರಡನೆಯ ಸಲ ಬೀಸಿದರೆ ಬಾಂದಾರಕ್ಕೆ ಇನ್ನೂ ನೀರು ಬೇಕೆಂದು ಅರ್ಥ, ಮತ್ತೆ ಆರು ಇಂಚು ಎತ್ತಬೇಕು. ಎರಡು ತಾಸು ಉಳಿಯಿತು. ನಾನು ಪಟ್ಟ ಹೆಮ್ಮೆ ಅಷ್ಟಿಷ್ಟಲ್ಲ.

ಫಕೀರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, "ಸಾಹೇಬ್ರ, ಎಲ್ಲಾರ ಕಾಲಾಗ ಚಪ್ಪಲ್ ಇರತಾವ ಅಂತ ಹೆಂಗ ಹೇಳೂದ್ರಿ? ನಾ ಒಮ್ಮಿ ಒಳಗ ಹೊಕ್ಕು ಬಂದ್ರ ನನ್ನ ಮನಸ್ಸಿಗೆ ಸಮಾಧಾನ" ಎಂದ.

"ಬರಿಗಾಲಲೆ ಈಗ ಯಾರ ಅಡ್ಡ್ಯಾಡತಾರ, ಫಕೀರಪ್ಪಾ? ಕಾಲ ಬದಲಾಗೇತಿ" ಎಂದು ನಕ್ಕೆ. ಅವನೂ ನಕ್ಕ. ಸಾಹೇಬರು ನಕ್ಕಾಗ ಲಸ್ಕರ್ ನಗಲೇಬೇಕಲ್ಲ.

ಮೊದಲ ಸೋಮವಾರ ಎಲ್ಲ ಸರಿಯಾಗಿ ನಡೆಯಿತು. ಕೊನೆಯ ಹೊಲದವರು ಆಫೀಸಿಗೆ ಬಂದು ನನಗೆ ಚಹಾ ಕುಡಿಸಿದರು. ಎರಡನೆಯ ಸೋಮವಾರ ಕೆಳಗೆ ನಿಲ್ಲಬೇಕಿದ್ದ ನೌಕರ ರಜೆ ಹಾಕಿದ. ನಾನೇ ಹೋದೆ. ಅಂದು ಜನ ಹೆಚ್ಚು. ಹುಣಸೆಮರದ ಕೆಳಗೆ ನೂರ ನಲವತ್ತರ ಮೇಲೆ ಜೊತೆ ಚಪ್ಪಲಿಗಳಿದ್ದವು. ಬಾಟಾದವು, ಹವಾಯಿಯವು, ಚರ್ಮದ ಮೆಟ್ಟುಗಳು, ಮಕ್ಕಳ ಪ್ಲಾಸ್ಟಿಕ್ ಬೂಟು. ಒಂದು ಗಂಟೆಯಿಂದ ಜನ ಇಳಿಯತೊಡಗಿದರು. ನೇಸರಗಿಯಿಂದ ಎರಡು ಟೆಂಪೋ ಮಾಡಿಕೊಂಡು ಬಂದಿದ್ದ ಹೆಂಗಸರ ಗುಂಪು ಎಲ್ಲರಿಗಿಂತ ಕೊನೆಗೆ ಬಂತು. ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದರು. ಮರದ ಕೆಳಗೆ ಒಂದು ಜೊತೆಯೂ ಉಳಿಯಲಿಲ್ಲ. ನಾನು ಮರವನ್ನು ಒಂದು ಸುತ್ತು ಹಾಕಿ ನೋಡಿದೆ. ಗಡಿಯಾರ ನೋಡಿದೆ, ಎರಡು ಇಪ್ಪತ್ತು. ಬಂಡೆಯ ಮೇಲೇರಿ ಧೋತರ ಬೀಸಿದೆ.

ಮೂರು ಗಂಟೆಗೆ ನೀರು ಕೊಳ್ಳದ ಬಾಯಿಗೆ ಬಂತು. ಮುಂದೆ ಒಣ ಎಲೆ, ನೊರೆ, ಅದರ ಹಿಂದೆ ಕೆಂಪು ನೀರು. ಎಲೆಗಳ ಜೊತೆ ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬಿ ತೇಲಿ ಬಂತು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಅದನ್ನು ಎತ್ತಿ ದಡದಲ್ಲಿಟ್ಟೆ. ಒಳಗೆ ಏನೋ ಅಲುಗಾಡಿದ ಸದ್ದಾಯಿತು.

ಅಷ್ಟರಲ್ಲಿ ನೇಸರಗಿಯ ಗುಂಪಿನ ಒಬ್ಬಾಕೆ ರಸ್ತೆಯಿಂದ ತಿರುಗಿ ಓಡಿಬಂದಳು. "ನಮ್ಮ ನಿಂಗವ್ವ ಆ ಟೆಂಪೋದಾಗೂ ಇಲ್ರಿ, ಈ ಟೆಂಪೋದಾಗೂ ಇಲ್ರಿ. ಇಲ್ಲೆ ಎಲ್ಲೆರೆ ಕುಂತಾಳೇನ್ರಿ?"

"ಒಳಗ ಯಾರೂ ಇಲ್ಲವ್ವಾ. ನೋಡ್ರಿ ಬೇಕಾರ, ಒಂದೂ ಚಪ್ಪಲ್ ಉಳಿದಿಲ್ಲ" ಎಂದೆ.

"ಆಕಿ ಎಲ್ಲಿ ಚಪ್ಪಲ್ ಹಾಕ್ಕೊಂಡ ಬಂದಾಳ್ರಿ? ವರ್ಷಾತು, ಆಕಿದು ಬರಿಗಾಲ ಹರಕಿ ಐತಿ!"

ಆ ಮಾತು ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ಬಂಡೆಗೆ ಹಾರಿದೆ. ಗಳ ಎತ್ತಿ ಬೀಸಿದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ನಿಲ್ಲಿಸು, ಮುಚ್ಚು ಎಂದು ಕಿರುಚಿದೆ. ಮೈಲು ದೂರದ ಏರಿಗೆ ನನ್ನ ದನಿ ಮುಟ್ಟುವಂತಿರಲಿಲ್ಲ. ಬೀಸುತ್ತಿರುವಾಗಲೇ ತಿಳಿಯಿತು, ನಾನು ಏನು ಮಾಡುತ್ತಿದ್ದೇನೆ ಎಂದು. ಗೇಟು ತೆರೆಯಲು ಒಂದು ಸನ್ನೆ ಮಾಡಿಟ್ಟಿದ್ದೆ, ಹೆಚ್ಚು ತೆರೆಯಲು ಇನ್ನೊಂದು. ಮುಚ್ಚಲು ಯಾವ ಸನ್ನೆಯನ್ನೂ ಮಾಡಿರಲಿಲ್ಲ. ಫಕೀರಪ್ಪ ನನ್ನ ಎರಡನೆಯ ಬೀಸು ನೋಡಿ, ಹೇಳಿದ ಮಾತು ಮೀರದ ಮನುಷ್ಯ, ಗೇಟನ್ನು ಮತ್ತೆ ಆರು ಇಂಚು ಎತ್ತಿದ.

ಗಳ ಎಸೆದು ದಂಡೆಯ ಹಾದಿಯಲ್ಲಿ ಓಡಿದೆ. ಏರಿ ಮುಟ್ಟಲು ಇಪ್ಪತ್ತೈದು ನಿಮಿಷ ಹಿಡಿಯಿತು. ನನ್ನ ಮುಖ ನೋಡಿಯೇ ಫಕೀರಪ್ಪ ಹ್ಯಾಂಡಲ್ ತಿರುಗಿಸಿ ಗೇಟು ಇಳಿಸಿದ.

ನೀರು ಇಳಿದ ಮೇಲೆ ಇಬ್ಬರೂ ಮೇಲಿನಿಂದ ಕೊಳ್ಳಕ್ಕೆ ಇಳಿದೆವು. ಝರಿಯ ಪಕ್ಕದ ಅತ್ತಿಯ ಕೊಂಬೆಗೆ ಒಂದು ಬಟ್ಟೆಯ ಚೀಲ ತೂಗುಹಾಕಿತ್ತು, ಒಣಗಿಯೇ ಇತ್ತು. ಅಲ್ಲಿಂದ ಕೆಳಗೆ, ಎರಡನೆಯ ಹಂಡೆಯಲ್ಲಿ ಅವಳು ಸಿಕ್ಕಳು. ಫಕೀರಪ್ಪನೇ ಮಡುವಿಗಿಳಿದು ಎತ್ತಿ ತಂದ. ಹೊತ್ತು ಇನ್ನೂ ಮುಳುಗಿರಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸು. ಅವಳ ಅಂಗಾಲು ವರ್ಷವಿಡೀ ಬರಿಗಾಲಲ್ಲಿ ನಡೆದು ಗಟ್ಟಿಯಾಗಿ ಒಡೆದಿತ್ತು. ಮುಖದ ಮೇಲೆ ಫಕೀರಪ್ಪ ತನ್ನ ಟವೆಲ್ ಹೊದಿಸಿದ್ದ, ಹಾಗಾಗಿ ನನಗೆ ಈಗಲೂ ನೆನಪಿಗೆ ಬರುವುದು ಆ ಕಾಲುಗಳೇ.

ಚೀಲ ಬಿಚ್ಚಿದೆವು. ಕುಂಕುಮ, ಒಡೆದ ಕಾಯಿಯ ಒಂದು ಹೋಳು, ಹಳೆ ಪೇಪರಿನಲ್ಲಿ ಸುತ್ತಿದ ಒಂದು ಜೊತೆ ಹೊಸ ಚಪ್ಪಲಿ.

ಆಮೇಲೆ ತಿಳಿದದ್ದು ಇಷ್ಟು. ಹಿಂದಿನ ವರ್ಷ ನಿಂಗವ್ವನ ಗಂಡ ಮಲ್ಲಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ. ಬದುಕಿ ಬಂದರೆ ಒಂದು ವರ್ಷ ಚಪ್ಪಲಿ ಮೆಟ್ಟುವುದಿಲ್ಲ ಎಂದು ಅವಳು ಝರಿಯ ತಾಯಿಗೆ ಹರಕೆ ಹೊತ್ತಿದ್ದಳು. ಬದುಕಿ ಬಂದ. ವರ್ಷ ತುಂಬಿತ್ತು. ಹೊಸ ಚಪ್ಪಲಿಗೆ ಝರಿಯ ನೀರು ಚಿಮುಕಿಸಿ, ಹರಕೆ ಮುಗಿಸಲು ಬಂದಿದ್ದಳು. ಪೂಜೆಗೆ ಹೊತ್ತಾದೀತೆಂದು, ನೀವು ಮುಂದೆ ನಡೀರಿ, ನಾನು ಬರುತ್ತೇನೆ ಎಂದು ಗೆಳತಿಯರನ್ನು ಕಳಿಸಿದ್ದಳು. ಒಂದು ಟೆಂಪೋದವರು ಅವಳು ಇನ್ನೊಂದರಲ್ಲಿದ್ದಾಳೆ ಎಂದುಕೊಂಡರು.

ಇನ್ನೊಂದು ಮಾತು ಬರೆಯಬೇಕು. ಮರುದಿನ ಪಂಚನಾಮೆಗೆ, ಅಂದರೆ ಸ್ಥಳ ನೋಡಿ ದಾಖಲೆ ಬರೆಯಲು, ಕೊಳ್ಳಕ್ಕೆ ಹೋದಾಗ ಹಂಡೆಯ ಪಕ್ಕದ ಬಂಡೆಯ ಬಿರುಕಿನಲ್ಲಿ ಹಸಿರು ಬಳೆಯ ಚೂರುಗಳು ಕಂಡವು. ನೀರಿನ ಗುರುತು ಓದುವುದು ನನ್ನ ಕಸುಬು. ಗೇಟು ಹದಿನೆಂಟು ಇಂಚು ಎತ್ತಿದಾಗ ನೀರು ಎಲ್ಲಿಯತನಕ ಏರಿತ್ತು, ಇಪ್ಪತ್ನಾಲ್ಕು ಇಂಚು ಎತ್ತಿದಾಗ ಎಲ್ಲಿಯತನಕ ಎಂದು ಕಲ್ಲಿನ ಮೇಲೆ ಎರಡು ಕೆಸರುಗೆರೆ ಇದ್ದವು. ಬಳೆಯ ಚೂರುಗಳು ಆ ಎರಡು ಗೆರೆಗಳ ನಡುವೆ ಇದ್ದವು. ಅವಳು ಮೊದಲ ನೀರಿನಿಂದ ಪಾರಾಗಿ ಆ ಬಂಡೆಯನ್ನು ಹಿಡಿದುಕೊಂಡು ನಿಂತಿದ್ದಿರಬಹುದು. ನಿಂತಿರದೆಯೂ ಇರಬಹುದು, ಬಳೆ ಮುಂಜಾನೆಯೇ ಒಡೆದಿರಬಹುದು. ಆಗ ನಾನು ಯಾರಿಗೂ ಹೇಳಲಿಲ್ಲ.

ಮೇಲಿನ ಆಫೀಸಿನಿಂದ ವರದಿಯ ನಮೂನೆ ಬಂತು. ನೀರು ಬಿಟ್ಟ ವೇಳೆ, ಗೇಟಿನ ಎತ್ತರ, ಗೇಟು ತೆರೆದವರ ಹೆಸರು. ಸನ್ನೆ ಮಾಡಿದವರ ಹೆಸರಿಗೆ ಕಾಲಂ ಇರಲಿಲ್ಲ. ನನ್ನ ಮೇಲಧಿಕಾರಿ ಕೆಟ್ಟವರಲ್ಲ, ನನ್ನನ್ನು ಉಳಿಸಬೇಕೆಂದೇ ಹೇಳಿದರು: "ಕೇಳಿದ್ದಕ್ಕಷ್ಟ ಉತ್ತರ ಬರೀರಿ. ಹೆಚ್ಚಿಗಿ ಬರದ್ರ ಹೆಚ್ಚಿಗಿ ಕೇಳತಾರ." ನಾನು ಗೇಟು ತೆರೆದವರು ಎಂಬಲ್ಲಿ ಫಕೀರಪ್ಪನ ಹೆಸರು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಇಡೀ ವರದಿ ಸುಳ್ಳಾಗಿತ್ತು. ನಾನು ಹೆದರಿದ್ದೆ, ಬೇರೆ ಕಾರಣವಿಲ್ಲ. ಫಕೀರಪ್ಪ ಸಸ್ಪೆಂಡ್ ಆದ.

ಮೂರು ವಾರದ ಮೇಲೆ ಅವನು ಆಫೀಸಿಗೆ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿದರೂ ಕೂಡದೆ ಬಾಗಿಲ ಹತ್ತಿರವೇ ನಿಂತ. ಗಡ್ಡ ಬೆಳೆದಿತ್ತು.

"ಸಾಹೇಬ್ರ, ಬೈಲಹೊಂಗಲಕ್ಕ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದೇನ್ರಿ. ಕಣ್ಣು ಚಲೋ ಅದಾವ, ದೂರಿಂದು ಸ್ವಚ್ಛ ಕಾಣತೈತಿ ಅಂದ್ರು."

ಯಾಕೆ ತೋರಿಸಿದೆ ಎಂದು ಕೇಳಿದೆ.

"ಎಲ್ಲಾರೂ ಅಂತಾರ್ರಿ, ಫಕೀರಪ್ಪ ಸನ್ನಿ ಇಲ್ಲದ ಗೇಟ್ ತಗದಾನ ಅಂತ. ಕಾಗದದಾಗೂ ಸನ್ನಿ ಮಾತಿಲ್ಲಂತ. ನನಗ ಧೋತ್ರ ಕಂಡಿತ್ತ್ರಿ. ಒಂದಲ್ಲ, ಎರಡ ಸಲ ಕಂಡಿತ್ತು. ಈಗ ಮಲಗಿದ್ರೂ ಅದ ಯೋಚನಿ. ಕಂಡಿತ್ತೋ, ಕಂಡಂಗ ಆಗಿತ್ತೋ? ನೀವು ಅಲ್ಲಿದ್ರಿ. ನೀವರೆ ಹೇಳ್ರಿ ಸಾಹೇಬ್ರ, ಆ ಹೆಣ್ಣಮಗಳನ್ನ ನಾ ಕೊಂದ್ನೇನ್ರಿ?"

ನೌಕರಿ ವಾಪಸ್ ಕೊಡಿಸಿರಿ ಎಂದು ಅವನು ಕೇಳಲಿಲ್ಲ. ತಾನು ಕಂಡದ್ದು ನಿಜವೇ ಎಂದಷ್ಟೇ ಕೇಳಿದ. ನಾನು ನನ್ನ ಹೆಸರು ಬರೆಯದೆ ಬಿಟ್ಟದ್ದಕ್ಕೆ ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದಂತಾಗಿದ್ದ. ನನಗೆ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಎಲ್ಲರ ಎದುರಿಗೆ ಅತ್ತೆ.

"ನಿಮ್ಮ ಕಣ್ಣು ಖರೇ ಅದಾವ, ಫಕೀರಪ್ಪಣ್ಣ. ನಾನ ಬೀಸಿದ್ನಿ. ಎರಡೂ ಸಲ ನಾನ ಬೀಸಿದ್ನಿ."

ಅವನು ಬಾಗಿಲ ಚೌಕಟ್ಟಿಗೆ ಒರಗಿ ಕುಳಿತ. "ಸಾಕ್ರಿ. ಅಷ್ಟ ಸಾಕು" ಎಂದ.

ಅಂದೇ ಎರಡನೆಯ ಹೇಳಿಕೆ ಬರೆದೆ. ಚಪ್ಪಲಿ ನೋಡಿ ನೀರು ಬಿಡುವ ಪದ್ಧತಿ ನನ್ನದು, ಸನ್ನೆ ನನ್ನದು, ಎರಡನೆಯ ಸನ್ನೆಯೂ ನನ್ನದು, ಬಳೆಯ ಚೂರು ಸಿಕ್ಕ ಎತ್ತರ ಇಷ್ಟು ಎಂದು ಎಲ್ಲವನ್ನೂ ಬರೆದೆ. ವಿಚಾರಣೆ ನಡೆಯಿತು. ನನ್ನ ಬಡ್ತಿ ಆರು ವರ್ಷ ತಡವಾಯಿತು. ಅದನ್ನು ಶಿಕ್ಷೆ ಎಂದು ನಾನು ಎಣಿಸಿಲ್ಲ. ಫಕೀರಪ್ಪನನ್ನು ಕೆಲಸಕ್ಕೆ ತೆಗೆದುಕೊಂಡರು, ಆದರೆ ಅವನು ಮತ್ತೆ ಗೇಟಿನ ಹ್ಯಾಂಡಲ್ ಮುಟ್ಟಲಿಲ್ಲ. ಹೊಸಬನಿಗೆ ತಿರುಗಿಸಲು ಹೇಳಿ ತಾನು ಮುಖ ತಿರುಗಿಸಿ ನಿಲ್ಲುತ್ತಿದ್ದ.

ಹೇಳಿಕೆ ಕೊಟ್ಟ ಮರುದಿನ, ಪಂಚನಾಮೆಯ ನಂತರ ನನ್ನ ಬಳಿಯೇ ಉಳಿದಿದ್ದ ನಿಂಗವ್ವನ ಚೀಲ ತೆಗೆದುಕೊಂಡು ನೇಸರಗಿಗೆ ಹೋದೆ. ಮಲ್ಲಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಇನ್ನೂ ಸೊರಗಿದ ಮನುಷ್ಯ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಬಳೆಯ ಚೂರಿನ ಮಾತನ್ನೂ ಮುಚ್ಚಿಡಲಿಲ್ಲ. ಅವನು ನನ್ನ ಮೇಲೆ ಕೈ ಮಾಡಿದ್ದರೂ ನಾನು ನಿಂತುಕೊಂಡಿರುತ್ತಿದ್ದೆ. ಅವನು ಚೀಲದ ಮೇಲೆ ಕೈಯಿಟ್ಟು ಕೇಳಿದ: "ಆಕಿ ಸಿಕ್ಕಾಗ ಕಾಲಾಗ ಚಪ್ಪಲ್ ಇದ್ದುವೇನ್ರಿ?"

"ಇರಲಿಲ್ರಿ. ಚೀಲದಾಗ ಇದ್ದುವು. ಪೇಪರ್ ಬಿಚ್ಚಿದ್ದಿಲ್ಲ."

"ನಾನ ಆರಿಸಿ ತಂದಿದ್ದೆ. ಬೇಡ ಅಂದ್ರೂ ಕೇಳಲಿಲ್ಲ, ಅಂಗಡ್ಯಾಗ ಅಳತಿಗಿ ಸೈತ ಕಾಲ ಹಾಕಲಿಲ್ಲ" ಎಂದ. "ಬರಿಗಾಲಲೆ ಹ್ವಾದ್ಳು" ಎಂದು ಎದ್ದು ಒಳಗೆ ಹೋದ. ನಾನು ಕಟ್ಟೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ, ಅಂದು ಗಡಿಯಾರ ನೋಡಲಿಲ್ಲ.

ಮುಂದಿನ ಚೈತ್ರಕ್ಕೆ ಹಳೆಯ ರೀತಿಯೇ ಮರಳಿತು. ಕೂಗುತ್ತ ಇಳಿಯುವುದು, ಪೊಟರೆಗಳಲ್ಲಿ ಇಣುಕುವುದು, ನೀರು ತಡವಾಗಿ ಬಿಡುವುದು. ಕೊನೆಯ ಹೊಲದವರು ಯಾರೂ ತಕರಾರು ಮಾಡಲಿಲ್ಲ. ನನಗೆ ಆಗಲೇ ರಾಮದುರ್ಗಕ್ಕೆ ವರ್ಗವಾಗಿತ್ತು. ಆದರೂ ಎರಡನೆಯ ಸೋಮವಾರ ರಜೆ ಹಾಕಿ ಹೋದೆ. ಫಕೀರಪ್ಪನ ಜೊತೆ ನಾನೂ ಕೊಳ್ಳ ಇಳಿದೆ. "ಒಳಗ ಯಾರದೀರಿ? ಓ ಅನ್ರಿ!" ಎಂದು ಮೊದಲು ಅವನೊಬ್ಬನೇ ಕೂಗಿದ. ಹಂಡೆಯ ಹತ್ತಿರ ಬರುವಾಗ ನಾನೂ ಕೂಗಿದೆ.

ಬಾಯಿಗೆ ಬಂದೆವು. ಜನರೆಲ್ಲ ಹೋಗಿದ್ದರು. ಹುಣಸೆಮರದ ಕೆಳಗೆ ಒಂದು ಜೊತೆ ಚಪ್ಪಲಿ ಉಳಿದಿತ್ತು. ಹೆಂಗಸರ ಚಪ್ಪಲಿ.

ತಿರುಗಿ ಒಳಗೆ ಓಡಿದೆ. ಮೊದಲ ದಬದಬಿ, ನಡುವಿನದು, ಎರಡು ಹಂಡೆ, ಮೇಲಿನ ದಬದಬಿ, ಝರಿ, ಪ್ರತಿ ಬಿರುಕಿನಲ್ಲಿ ನೋಡಿದೆ, ದನಿ ಬಿದ್ದುಹೋಗುವತನಕ ಕೂಗಿದೆ. ನನ್ನ ಕೂಗೇ ಕಲ್ಲಿಗೆ ಬಡಿದು ತಿರುಗಿ ಬಂತು. ಕೆಳಗಿಳಿದು ಬಂದಾಗ ಫಕೀರಪ್ಪ ಅದೇ ಮರದ ಕೆಳಗೆ ಕುಕ್ಕರಗಾಲಲ್ಲಿ ಕುಳಿತಿದ್ದ. ಓಡಬೇಡಿರೆಂದು ನನಗೆ ಹಿಂದಿನಿಂದ ಕೂಗಿದ್ದನಂತೆ, ನನಗೆ ಕೇಳಿಸಿರಲಿಲ್ಲ.

"ಅವು ಆಕಿವ್ರಿ ಸಾಹೇಬ್ರ" ಎಂದ. "ಮುಂಜಾನಿ ಮಲ್ಲಪ್ಪ ಬಂದು ಇಟ್ಟ್ಹೋಗ್ಯಾನ."

ಬಾಗಿ ನೋಡಿದೆ. ಅಟ್ಟೆಗೆ ಮಣ್ಣು ತಾಗಿರಲಿಲ್ಲ.

೨೦೦೮ರವರೆಗೆ ನಾನು ಆ ಸುತ್ತಿನಲ್ಲೇ ಕೆಲಸ ಮಾಡಿದೆ. ಎಷ್ಟೋ ಗೇಟು, ಎಷ್ಟೋ ಕಾಲುವೆ ನನ್ನ ಕೈಕೆಳಗೆ ಬಂದವು. ನನ್ನ ಕೈಕೆಳಗಿನ ಹುಡುಗರಿಗೆ ಕಲಿಸಿದ್ದು ಒಂದೇ ಮಾತು: ನೀರು ಬಿಡುವ ಮೊದಲು ದಾರಿಯನ್ನು ನೀವೇ ನಡೆಯಿರಿ, ಮನುಷ್ಯರಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿರಿ, ಎಷ್ಟೇ ತಡವಾಗಲಿ. ಅದನ್ನು ನನಗೆ ಫಕೀರಪ್ಪ ಮೊದಲೇ ಹೇಳಿದ್ದ, ನಾನು ನಕ್ಕಿದ್ದೆ.

ಆ ಚೈತ್ರದ ಸೋಮವಾರ ಆ ಚಪ್ಪಲಿಗಳನ್ನು ನಾವು ಅಲ್ಲಿಂದ ಎತ್ತಲಿಲ್ಲ. ಅವುಗಳ ಮುಂದೆ ಇಬ್ಬರೂ ಕುಳಿತೆವು. ನೀರು ಬಿಟ್ಟಾಗ ಸಂಜೆಯಾಗಿತ್ತು.